ಸಹಾಯ ಬೇಕು: ಮೈಸೂರಲ್ಲಿ ಸರ್ಕಾರಿ ಬಾಡಿಗೆ ಮನೆಗೆ ಅರ್ಜಿ ಹಾಕಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಮೇಟಗಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಯಜಮಾನರಿಗೆ ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಓನರ್ ಈ ಸಲ ಒಂದೇ ಏಟಿಗೆ ಒಂದೂವರೆ ಸಾವಿರ ಜಾಸ್ತಿ ಮಾಡಿದ್ದಾರೆ, ಆಗದಿದ್ದರೆ ಖಾಲಿ ಮಾಡಿ ಅನ್ನುತ್ತಾರೆ. ಬೇರೆ ಕಡೆ ನೋಡಿದರೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಭೋಗ್ಯದ ಮಾತಂತೂ ಬೇಡವೇ ಬೇಡ.

2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಮನೆ ಅಷ್ಟೇ ಅಲ್ಲ, ಕಾರ್ಖಾನೆ ಕೆಲಸಗಾರರು, ದುಡಿಯುವ ಹೆಂಗಸರು, ವಲಸೆ ಬಂದವರು ಇಂಥವರಿಗೆ ಕಡಿಮೆ ಬಾಡಿಗೆಯ ಮನೆ ಕೊಡುವ ವಿಭಾಗವೂ ಇದೆ. 2020ರಲ್ಲೂ, ಕೊರೊನಾ ಸಮಯದಲ್ಲಿ, ಸರ್ಕಾರದ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆ ಬಂದಿತ್ತಲ್ವಾ, ಅದೇ ಥರ. ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಲೆಕ್ಕ, ನಮ್ಮದು ಅದರೊಳಗೇ ಬರುತ್ತದೆ.

ಆದರೆ ಕಚೇರಿಗೆ ಮೂರು ಸಲ ಹೋದೆ, ಮೂರು ಸಲವೂ ಸ್ವಂತ ಮನೆಯ ಫಾರಂ ಕೈಗೆ ಕೊಟ್ಟರು. ಬಾಡಿಗೆದು ಅಂದರೆ ಕೌಂಟರಿನವರು ನನ್ನ ಮುಖವನ್ನೇ ನೋಡುತ್ತಾರೆ! ಒಂದು ದಿನ ಹೋದರೆ ಎರಡು ಬ್ಲೌಸಿನ ಕೂಲಿ ಹೋಯಿತು ಅಂತಲೇ ಲೆಕ್ಕ.

ಮೈಸೂರಲ್ಲಿ ಇಂಥ ಮನೆ ಸಿಕ್ಕಿದವರು ಇದ್ದೀರಾ? ಅರ್ಜಿ ಹಾಕಿ ಎಷ್ಟು ತಿಂಗಳು ಕಾದಿರಿ, ಕಾಯುವವರ ಪಟ್ಟಿಯಲ್ಲಿ ನಮ್ಮ ನಂಬರ್ ಎಲ್ಲಿ ನೋಡಬೇಕು? ಇನ್ನೊಂದು, ಪಕ್ಕಾ ಮನೆ ದೇಶದಲ್ಲಿ ಎಲ್ಲೂ ಇರಬಾರದು ಅನ್ನುತ್ತಾರೆ, ನಾಗಮಂಗಲದ ಹಳ್ಳಿಮನೆ ಮಾವನವರ ಹೆಸರಲ್ಲಿದೆ, ಅದು ಅಡ್ಡ ಬರುತ್ತದಾ? ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುವವರು ಸುಮ್ನೆ ಮೆಸೇಜ್ ಮಾಡಬೇಡಿ.