ಅಪ್ಪನ ಎದೆಗೆ ಅರಿಶಿನ ಬೇಡ

ಅಪ್ಪನಿಗೆ ಬೈಪಾಸ್ ಆಗಿ ಇವತ್ತಿಗೆ ಹನ್ನೆರಡು ದಿನ. ಬೆಳಿಗ್ಗೆ ದೊಡ್ಡಪ್ಪ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು: ‘ಹಾರ್ಟ್ ಆಪರೇಷನ್ ಆದವರು ನೋವಿನ ಮಾತ್ರೆ ಮುಟ್ಟಬೇಡಿ, ಕಿಡ್ನಿ ಹೋಗುತ್ತದೆ. ಹೊಲಿಗೆಗೆ ಕೊಬ್ಬರಿ ಎಣ್ಣೆ, ಅರಿಶಿನ ಸಾಕು.’

ತಮ್ಮ: ಯಾವ ಡಾಕ್ಟರ್ ಹೇಳಿದ್ದು ಇದು?

ದೊಡ್ಡಪ್ಪ: ದೊಡ್ಡವರ ಮಾತಿಗೂ ಪುರಾವೆ ಬೇಕಾ? ಗೃಹಪ್ರವೇಶಕ್ಕೆ ಕರೆಯುವಾಗ ಈ ದೊಡ್ಡಪ್ಪ ನೆನಪಾಗಲಿಲ್ಲ.

ಅತ್ತೆ: ಕಾರ್ಡ್ ಬಂದಿತ್ತಲ್ಲಾ ಅಣ್ಣ.

ದೊಡ್ಡಪ್ಪ: ಬಾಯಿ ಬಿಟ್ಟು ಕರೆದರಾ?

ಅತ್ತೆ ಮಗಳು: ಅಜ್ಜಿ ನೆನಪಾದರು. ಹಲಸಿನ ಮರದಿಂದ ಬಿದ್ದಾಗ ನನ್ನ ಮೊಣಕಾಲಿಗೆ ಅರಿಶಿನ ಮೆತ್ತಿದ್ದರು. ಆ ಹಿತ್ತಿಲ ಫೋಟೋ ಯಾರ ಹತ್ತಿರ ಇದೆ?

ನಾಲ್ಕು ಫೋಟೋ ಬಂದವು. ಅಪ್ಪನ ಸುದ್ದಿಯೇ ಹೋಯಿತು. ನಾನು ಬರೆದೆ:

‘ತರಚಿದ ಮೊಣಕಾಲು ಬೇರೆ. ಅಪ್ಪನ ಎದೆಮೂಳೆಯನ್ನೇ ಸೀಳಿ, ಸ್ಟೀಲ್ ತಂತಿಯಲ್ಲಿ ಬಿಗಿದಿದ್ದಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಲಿಗೆಗೆ ಸೋಪು, ನೀರು, ಮೆಲ್ಲಗೆ ಒತ್ತಿ ಒರೆಸುವುದು, ಅಷ್ಟೇ. ಬೈಪಾಸಿಗೆಂದು ರಕ್ತನಾಳ ತೆಗೆದ ಕಾಲಿಗೂ ಅದೇ. ಅರಿಶಿನ ಮೆತ್ತಿದರೆ ಗಾಯ ಕೆಂಪಾದರೂ ನಮಗೆ ಕಾಣುವುದಿಲ್ಲ.

ನಿನ್ನೆ ರಾತ್ರಿ ಅಪ್ಪ ದಿಂಬನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಗಂಟಲಲ್ಲಿ ಗೊರಗೊರ. ನೋವಿಗೆ ಹೆದರಿ ಕೆಮ್ಮನ್ನು ನುಂಗುತ್ತಿದ್ದರು. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ, ಮುಕ್ಕಾಲು ಗಂಟೆಗೆ, ಕೆಮ್ಮಿ ಕಫ ತೆಗೆದರು. ಅದು ಒಳಗೇ ನಿಂತರೆ ನ್ಯುಮೋನಿಯಾ ಆಗಬಹುದು. ಮಾತ್ರೆ ಸುಮ್ನೆ ಕೊಡುತ್ತಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಬೈಪಾಸ್ ಆದವರಿಗೆ ಬೇಡ, ಅಷ್ಟರ ಮಟ್ಟಿಗೆ ದೊಡ್ಡಪ್ಪ ಹಾಕಿದ್ದು ಸರಿ.’

ದೊಡ್ಡಪ್ಪ: ನೋಡಿದಿರಾ? ಸರಿ ಅಂತ ಅವಳೇ ಒಪ್ಪಿದಳು.

ತಮ್ಮ ಮತ್ತೆ ಶುರು ಮಾಡಿದ. ಗೃಹಪ್ರವೇಶ ಮತ್ತೆ ಬಂತು.

ಅಷ್ಟರಲ್ಲಿ ಅತ್ತೆ ನನಗೊಬ್ಬಳಿಗೇ ಬರೆದರು: ‘ಇದೇ ಮೆಸೇಜ್ ಮಾವನ ಗೆಳೆಯರ ಗುಂಪಿಗೂ ಬಂದಿತ್ತು. ಮೂರು ದಿನದಿಂದ ಆಸ್ಪಿರಿನ್ ಬಿಟ್ಟಿದ್ದಾರೆ. ಅದೂ ನೋವಿನ ಮಾತ್ರೆ ಅಲ್ವಾ?’

ಮಾವನಿಗೆ ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ಮುಚ್ಚದಂತೆ ತೆರೆದಿಡುವ ಪುಟ್ಟ ಜಾಲರಿ, ಹಾಕಿ ಐದು ತಿಂಗಳಾಗಿದೆ. ಆ ಚಿಕ್ಕ ಮಾತ್ರೆ ಕೊಡುವುದು ನೋವಿಗಲ್ಲ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ. ಇದನ್ನು ಟೈಪ್ ಮಾಡುತ್ತಾ ಕೂರಲು ಆಗಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ಮಾವನ ಡಾಕ್ಟರ ನಂಬರ್ ಹುಡುಕಿಸಿ, ಅವರ ಜೊತೆ ಮಾತಾಡುವ ತನಕ ಲೈನ್ ಬಿಡಲಿಲ್ಲ.