ಹಳ್ಳಿಯಲ್ಲಿ ಸಾವು ಹೆಚ್ಚೋ, ಪೇಟೆಯಲ್ಲೋ? ಲೆಕ್ಕ ಬಲ್ಲವರು ತಿಳಿಸಿ

ಹೊಸನಗರ ಕಡೆಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ. ನಗರ ಮತ್ತು ಹಳ್ಳಿಗಳ ಮರಣ ಪ್ರಮಾಣ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದರ ಮೇಲೆ ಕಿರುಪ್ರಬಂಧ ಬರೆಯಬೇಕಾಗಿದೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ.

ಮಾದರಿ ನೋಂದಣಿ ವ್ಯವಸ್ಥೆಯ 2019ರ ವರದಿಯಂತೆ ದೇಶದ ಹಳ್ಳಿಗಳಲ್ಲಿ ವರ್ಷಕ್ಕೆ ಸಾವಿರ ಜನರಿಗೆ 6.5 ಸಾವು, ನಗರಗಳಲ್ಲಿ 5.0. ಆದರೆ ನಮ್ಮ ಜಿಲ್ಲೆಯಲ್ಲಿ ನೋಂದಣಿಯಾದ ಸಾವುಗಳನ್ನು ನೋಡಿದರೆ ಶಿವಮೊಗ್ಗ ನಗರದ ಪಾಲು ಅದರ ಜನಸಂಖ್ಯೆಗೆ ಮೀರಿದ್ದಾಗಿ ಕಾಣುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು?

ಇನ್ನೊಂದು ವಿಚಾರ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಪೇಟೆಯವರೇ ಬೇಗ ಸಾಯುತ್ತಿದ್ದರೆಂದು ಓದಿದೆ. ನಮ್ಮ ಅಜ್ಜನೂ ಅದನ್ನೇ ಹೇಳುತ್ತಾರೆ: ಪೇಟೆಯ ನೀರು, ಗಾಳಿ ಆಯುಷ್ಯ ತಿನ್ನುತ್ತದೆ, ನಮ್ಮೂರಿನ ಹಿರಿಯರೆಲ್ಲ ತೊಂಬತ್ತು ದಾಟಿದವರು ಎಂದು. ಹಾಗಾದರೆ ಇದು ತಿರುಗುಮುರುಗಾದದ್ದು ಯಾವಾಗ? ಮಲೆನಾಡಿನಲ್ಲಿಯೂ ಹಾಗೇ ಆಯಿತೇ?

ನಿವೃತ್ತ ಆರೋಗ್ಯ ಸಹಾಯಕ, ಸಾಗರ:

ತಂಗೀ, ಮೊದಲು ನಿನ್ನ ಎರಡು ಲೆಕ್ಕಗಳ ಜಗಳ ಬಿಡಿಸೋಣ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು. ಸತ್ತವರು ಯಾವ ಊರಿನವರು ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ತೀರ್ಥಹಳ್ಳಿ ಕಡೆಯ ಕೊನೆಗೌಡರೊಬ್ಬರು (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು) ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಔಷಧಿ ಹೊಡೆಯಲು ಹತ್ತಿ, ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು, ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡರೆ ಆ ಸಾವು ನಗರದ ಪುಸ್ತಕಕ್ಕೆ ಸೇರುತ್ತದೆ. ಸೊರಬ, ಶಿಕಾರಿಪುರದಿಂದ ಕೊನೆಗಳಿಗೆಯಲ್ಲಿ ಕರೆತಂದವರದ್ದೂ ಅಷ್ಟೇ. ಪಕ್ಕದ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಆಸ್ಪತ್ರೆಗಳೆಲ್ಲ ಇರುವ ಊರಿನ ಪುಸ್ತಕ ದಪ್ಪವಾಗದೆ ಇನ್ನೇನಾಗುತ್ತದೆ?

ಮಾದರಿ ನೋಂದಣಿಯ ಕ್ರಮವೇ ಬೇರೆ. ಆಯ್ದ ಹಳ್ಳಿ, ಬಡಾವಣೆಗಳಲ್ಲಿ ಅಲ್ಲಿಯೇ ವಾಸವಿರುವ ಒಬ್ಬರು ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಬ್ಬ ಮೇಲ್ವಿಚಾರಕರು ಬಂದು ಮನೆ ಮನೆ ವಿಚಾರಿಸಿ ಸ್ವತಂತ್ರವಾಗಿ ಪಟ್ಟಿ ಮಾಡುತ್ತಾರೆ. ಎರಡನ್ನೂ ತಾಳೆ ಹಾಕಿ, ಹೊಂದದ್ದನ್ನು ಮತ್ತೆ ಹೋಗಿ ಪರಿಶೀಲಿಸುತ್ತಾರೆ. ಅಲ್ಲಿ ಸಾವು ವಾಸದ ಊರಿನ ಲೆಕ್ಕಕ್ಕೇ ಬರುತ್ತದೆ. ಹಳ್ಳಿ ಪೇಟೆಗಳನ್ನು ಹೋಲಿಸಲು ಅದನ್ನೇ ಹಿಡಿದುಕೋ.

ಇನ್ನು ಇಂಗ್ಲೆಂಡಿನ ಮಾತು. ನೀನು ಓದಿದ್ದು ಸರಿ. 1662ರಲ್ಲಿಯೇ ಜಾನ್ ಗ್ರಾಂಟ್ ಲಂಡನ್ನಿನ ಸಾವಿನ ಪಟ್ಟಿಗಳನ್ನು ಕೂಡಿಸಿ, ಅಲ್ಲಿ ದೀಕ್ಷಾಸ್ನಾನ ಪಡೆಯುವ ಮಕ್ಕಳಿಗಿಂತ ಹೂಳುವ ಹೆಣಗಳೇ ಹೆಚ್ಚು, ಹಳ್ಳಿಗಳಿಂದ ಜನ ಬರುತ್ತಿರುವುದರಿಂದಲೇ ಆ ಊರು ಬೆಳೆಯುತ್ತಿದೆ ಎಂದು ತೋರಿಸಿದ. ಕೂಲಿ ಜನರ ನೈರ್ಮಲ್ಯದ ಬಗ್ಗೆ ಎಡ್ವಿನ್ ಚಾಡ್ವಿಕ್ ಬರೆದ 1842ರ ವರದಿಯಲ್ಲಿ ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳವರು ಸಾಯುವ ಸರಾಸರಿ ವಯಸ್ಸು 17. ಹಳ್ಳಿಗಾಡಾದ ರಟ್‌ಲ್ಯಾಂಡಿನ ಕೂಲಿಯವರದ್ದು 38. ಅದಕ್ಕಿಂತ ಮುಖ್ಯವಾದದ್ದು, ಮ್ಯಾಂಚೆಸ್ಟರಿನ ಶ್ರೀಮಂತರ ಸರಾಸರಿಯೂ 38ಕ್ಕೇ ನಿಂತಿತ್ತು. ದುಡ್ಡಿದ್ದವರು ಪೇಟೆಯಲ್ಲಿ, ದುಡ್ಡಿಲ್ಲದವರು ಹಳ್ಳಿಯಲ್ಲಿ, ಇಬ್ಬರಿಗೂ ಅಷ್ಟೇ ಆಯುಷ್ಯ! ಸರಾಸರಿ ಇಷ್ಟು ಕೆಳಗೆ ಬಂದದ್ದು ಎಳೆಯ ಮಕ್ಕಳ ಸಾವಿನಿಂದ, ದೊಡ್ಡವರೆಲ್ಲ ಹದಿನೇಳಕ್ಕೆ ಸಾಯುತ್ತಿದ್ದರೆಂದು ತಿಳಿಯಬೇಡ. ಕಕ್ಕಸಿನ ಹೊಂಡ, ಕುಡಿಯುವ ನೀರು ಒಂದರ ಪಕ್ಕ ಒಂದು. ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಕಾಲರಾ ನೀರಿನಿಂದ ಹರಡುತ್ತದೆಂದು 1854ರಲ್ಲಿ ವೈದ್ಯ ಜಾನ್ ಸ್ನೋ ಲಂಡನ್ನಿನ ಒಂದು ಬೀದಿಯ ಪಂಪಿನ ಸುತ್ತಲಿನ ಸಾವುಗಳನ್ನು ಹಿಡಿದು ತೋರಿಸಿದ. ಒಳಚರಂಡಿ, ಶುದ್ಧ ನೀರು, ಲಸಿಕೆ ಬಂದಂತೆ ಪೇಟೆಯ ಸಾವು ಇಳಿಯುತ್ತಾ ಹೋಯಿತು. ಅದು ತಾನಾಗಿ ಆದದ್ದಲ್ಲ, ತೆರಿಗೆ ಹಾಕಿ, ನೆಲ ಅಗೆದು ಮಾಡಿದ ಕೆಲಸ.

ನಮ್ಮಲ್ಲಿಯೂ ಪೇಟೆಗಳು ಒಂದು ಕಾಲಕ್ಕೆ ಭಯದ ಜಾಗಗಳೇ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, 1898ರಲ್ಲಿ ಬೆಂಗಳೂರಿಗೆ. ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಂದಿಗೆ ಬೆಳೆದದ್ದರ ಹಿಂದೆ ಆ ಪ್ಲೇಗಿನ ಪಾಠವಿದೆ.

ಆದರೆ ನಿನ್ನ ಅಜ್ಜನ ಮಾತನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಜನಸಂದಣಿ ಇರಲಿಲ್ಲ, ಗಾಳಿ ಒಳ್ಳೆಯದಿತ್ತು, ಆದರೂ 1901ರಿಂದ 1921ರವರೆಗೆ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಏರುವುದರ ಬದಲು ಇಳಿಯಿತು. 1918ರ ಇನ್‌ಫ್ಲುಯೆಂಜಾ ದೇಶಕ್ಕೆಲ್ಲ ಬಡಿಯಿತು, ನಿಜ. ನಮ್ಮನ್ನು ವರ್ಷ ವರ್ಷವೂ ತಿಂದದ್ದು ಮಲೇರಿಯಾ. ಬೆಟ್ಟದ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳದ ಅಂಚಿನಲ್ಲಿ. ನಾವು ಹೊಗಳುವ ಆ ತಿಳಿನೀರಿನ ಪಕ್ಕದಲ್ಲಿಯೇ ಜ್ವರಗಡ್ಡೆಯಿಂದ (ಮಲೇರಿಯಾದಿಂದ ಊದಿದ ಗುಲ್ಮದಿಂದ) ಹೊಟ್ಟೆ ಉಬ್ಬಿದ ಮಕ್ಕಳು ಆಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಲೇರಿಯಾ ತಿರುಗಿ ಬಂದಿತ್ತು. ಅರವತ್ತರ ದಶಕದ ಮಧ್ಯಕ್ಕೆ ದೇಶದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದವು. ಹೆಗಲಿಗೆ ಚೀಲ, ಅದರಲ್ಲಿ ಗಾಜಿನ ಪಟ್ಟಿಗಳು, ಸೂಜಿ, ಸ್ಪಿರಿಟ್ಟಿನ ಹತ್ತಿ, ಕ್ಲೋರೋಕ್ವಿನ್ ಡಬ್ಬಿ. ಯಾರ ಮನೆಯಲ್ಲಿ ಜ್ವರ ಎಂದರೂ ಉಂಗುರದ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ದೊಡ್ಡವರಿಗಾದರೆ ನಾಲ್ಕು ಮಾತ್ರೆ ಎದುರಿನಲ್ಲಿಯೇ ನುಂಗಿಸಿ ಬರಬೇಕಿತ್ತು. ಡಿ.ಡಿ.ಟಿ. ಹೊಡೆದ ಮನೆಯ ಗೋಡೆಗೆ ತಾರೀಖು ಬರೆಯುತ್ತಿದ್ದೆವು. ದೇವರ ಕೋಣೆಗೂ ಅಡುಗೆಮನೆಗೂ ಹೊಡೆಯಲು ಹೆಂಗಸರು ಬಿಡುತ್ತಿರಲಿಲ್ಲ. ಸೊಳ್ಳೆ ಕೂರುವುದೇ ಆ ಕತ್ತಲೆ ಗೋಡೆಗಳ ಮೇಲೆ ಎಂದು ಜಗಲಿಯಲ್ಲಿ ಕುಳಿತು ತಿಳಿಹೇಳುವುದರಲ್ಲಿ ಅರ್ಧ ದಿನ ಹೋಗುತ್ತಿತ್ತು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ.

ಅಜ್ಜನನ್ನು ಒಂದು ಮಾತು ಕೇಳು: ಅವರ ತಾಯಿ ಹೆತ್ತ ಮಕ್ಕಳೆಷ್ಟು, ಬೆಳೆದು ದೊಡ್ಡವರಾದವರೆಷ್ಟು ಎಂದು. ತೊಂಬತ್ತು ದಾಟಿದವರ ಫೋಟೋ ಜಗಲಿಯಲ್ಲಿದೆ. ಹೆಸರಿಡುವ ಮೊದಲೇ ಹೋದ ಮಕ್ಕಳದ್ದು ಯಾರ ಮನೆಯಲ್ಲಿಯೂ ಇಲ್ಲ.

ಹೊಸನಗರ ಕಡೆಯ ವಿದ್ಯಾರ್ಥಿನಿ:

ಸರ್, ತುಂಬಾ ಉಪಕಾರವಾಯಿತು. ಅಜ್ಜನಿಗೆ ಈಗಷ್ಟೇ ಫೋನ್ ಮಾಡಿ ಕೇಳಿದೆ. ಹುಟ್ಟಿದವರು ಒಂಬತ್ತು, ಉಳಿದವರು ನಾಲ್ಕು. ಇದನ್ನು ಅವರು ನಮಗೆ ಯಾವತ್ತೂ ಹೇಳಿರಲಿಲ್ಲ.

ಒಂದು ಸಂದೇಹ ಉಳಿದಿದೆ. ಮಲೇರಿಯಾ ಹೋಯಿತು, ಲಸಿಕೆ ಹಳ್ಳಿ ಹಳ್ಳಿಗೂ ಬಂತು. 1971ರಲ್ಲಿ ಹಳ್ಳಿಯ ಮರಣ ಪ್ರಮಾಣ 16.4, ನಗರದ್ದು 9.7 ಇತ್ತು. ಎರಡೂ ಇಷ್ಟು ಇಳಿದ ಮೇಲೂ ಅಂತರ ಪೂರ್ತಿ ಮುಚ್ಚಲಿಲ್ಲವೇಕೆ?

ಕರೂರು ಸೀಮೆಯ ಸೊಸೆ:

ಇದಕ್ಕೆ ನಾನು ಉತ್ತರ ಹೇಳಬಲ್ಲೆ. ತುಮರಿ ಕಡೆಗೆ ಮದುವೆಯಾಗಿ ಬಂದವಳು ನಾನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಮೇಲೆ ನಮಗೂ ಸಾಗರಕ್ಕೂ ನಡುವೆ ಶರಾವತಿಯ ಹಿನ್ನೀರು ನಿಂತಿತು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅದು. ನಾವು ಲಾಂಚಿನ ಹೊತ್ತು ನೋಡಿಕೊಂಡು ಕಾಯಿಲೆ ಬೀಳಬೇಕಿತ್ತು.

ನಮ್ಮ ಮಾವನವರಿಗೆ ಒಂದು ರಾತ್ರಿ ಊಟವಾದ ಮೇಲೆ ಎದೆ ಹಿಡಿದುಕೊಂಡಿತು. ಪಿತ್ತವಿರಬೇಕೆಂದು ಅವರೇ ಜೀರಿಗೆ ಕಷಾಯ ಕೇಳಿ ಕುಡಿದರು. ಬೆವರು ಇಳಿಯತೊಡಗಿದಾಗ ಮನೆಯವರು ಜೀಪು ತಂದರು. ಸಂಜೆಯ ಕೊನೆಯ ಲಾಂಚು ಹೋಗಿ ಬಹಳ ಹೊತ್ತಾಗಿತ್ತು. ನಿಟ್ಟೂರಿನ ಮೇಲೆ ಕಾಡುದಾರಿಯಲ್ಲಿ ಸುತ್ತಿ ಹೊರಟೆವು, ಮಳೆ ಬೇರೆ. ಅವರ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ತಿರುವಿನಲ್ಲಿಯೂ "ಎಲ್ಲಿಗೆ ಬಂದೆವು" ಎಂದು ಕೇಳುತ್ತಿದ್ದರು. ಶಿವಮೊಗ್ಗ ಮುಟ್ಟುವಾಗ ಬೆಳಗಾಗಿತ್ತು. ಅಲ್ಲಿನ ವೈದ್ಯರು ಬಹಳ ಪ್ರಯತ್ನಪಟ್ಟರು, ಮಧ್ಯಾಹ್ನದ ಹೊತ್ತಿಗೆ ಜೀವ ಹೋಯಿತು. ಇದೇ ನೋವು ಶಿವಮೊಗ್ಗದ ಯಾವುದಾದರೂ ಬಡಾವಣೆಯಲ್ಲಿರುವವರಿಗೆ ಬಂದಿದ್ದರೆ ಆಟೋದಲ್ಲಿ ಹೋಗಿ ಚಿಕಿತ್ಸೆ ಪಡೆಯುತ್ತಿದ್ದರು. ಹೃದಯದ ರಕ್ತನಾಳ ಕಟ್ಟಿದರೆ ಮೊದಲ ಒಂದೆರಡು ಗಂಟೆಗಳೇ ಮುಖ್ಯ ಎಂದು ಆಮೇಲೆ ತಿಳಿದೆ. ನಮಗೆ ಆ ಗಂಟೆಗಳು ದಾರಿಯಲ್ಲಿಯೇ ಮುಗಿದಿದ್ದವು.

ಸಾಗರದ ಹಿರಿಯರು ಬರೆದದ್ದನ್ನು ಓದಿ ಮಾವನವರ ಮರಣ ಪ್ರಮಾಣಪತ್ರ ತೆಗೆದು ನೋಡಿದೆ. ಮರಣ ಹೊಂದಿದ ಸ್ಥಳ ಶಿವಮೊಗ್ಗ ಎಂದೇ ಇದೆ.

2025ರ ಜುಲೈಯಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ ನಮ್ಮ ಸೀಮೆಯ ಸಾವಿನ ಲೆಕ್ಕವನ್ನು ಸೇತುವೆಗೆ ಮೊದಲು, ಸೇತುವೆಯ ನಂತರ ಎಂದು ಹೋಲಿಸಿ ನೋಡಬೇಕು. ತಂಗೀ, ನೀನೇ ಮಾಡಬಾರದೇಕೆ?

ಕೊಪ್ಪದವನು, ಈಗ ಧಾರವಾಡ:

ಅಕ್ಕನವರ ಅನುಭವ ಓದಿ ಮನಸ್ಸು ಭಾರವಾಯಿತು. ದೂರದ ಮಾತು ನೂರಕ್ಕೆ ನೂರು ನಿಜ. ಹಾವು ಕಚ್ಚಿದ ಸಾವುಗಳನ್ನೇ ನೋಡಿ: 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂಬ ಅಂದಾಜಿದೆ, ಬಹುಪಾಲು ಹಳ್ಳಿಗರು. ಗದ್ದೆ ತೋಟದಲ್ಲಿ ಹಾವು ಹೆಚ್ಚೆಂಬುದು ಅರ್ಧ ಕಾರಣ, ಪ್ರತಿವಿಷ ಸಿಗುವ ಆಸ್ಪತ್ರೆ ದೂರವೆಂಬುದು ಉಳಿದರ್ಧ.

ಜನಸಂಖ್ಯಾ ಅಧ್ಯಯನ ನನ್ನ ವಿಷಯವಾದ್ದರಿಂದ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಾವಿರಕ್ಕೆ ಇಷ್ಟು ಎಂಬ ಒಟ್ಟು ಮರಣ ಪ್ರಮಾಣವನ್ನು ಹಾಗೆಯೇ ಹೋಲಿಸಬೇಡಿ. 2019ರಲ್ಲಿ ಕೇರಳದ ಪ್ರಮಾಣ 7.1, ಇಡೀ ದೇಶದ್ದು 6.0. ಕೇರಳದಲ್ಲಿ ಜನ ಬೇಗ ಸಾಯುತ್ತಾರೆಯೇ? ಅದೇ ವರ್ಷ ಅಲ್ಲಿನ ಶಿಶು ಮರಣ ಸಾವಿರ ಜನನಕ್ಕೆ 6, ದೇಶದ್ದು 30. ಅಲ್ಲಿ ವಯಸ್ಸಾದವರ ಪಾಲು ದೊಡ್ಡದು, ಅದಕ್ಕೇ ಒಟ್ಟು ಸಂಖ್ಯೆ ಏರುತ್ತದೆ. ನಮ್ಮ ಮಲೆನಾಡೂ ಅದೇ ದಾರಿಯಲ್ಲಿದೆ. ನಮ್ಮೂರಿನ ಎಂಟಂಕಣದ ಮನೆಯಲ್ಲಿ ಈಗ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿ. ಹರೆಯದವರು ಹೋಗಿ ಸೇರಿದ ಕಡೆ ಪ್ರಮಾಣ ತಗ್ಗುತ್ತದೆ, ಮುದುಕರು ಉಳಿದ ಕಡೆ ಹೆಚ್ಚುತ್ತದೆ. ಹಾಗಾಗಿ ವಯೋಮಾನವಾರು ಬಿಡಿಸಿ ನೋಡಲೇಬೇಕು.

ಶಿಶು ಮರಣಕ್ಕೆ ಈ ತೊಡಕಿಲ್ಲ, ಎಲ್ಲರೂ ಒಂದು ವರ್ಷದೊಳಗಿನವರೇ. 1971ರಲ್ಲಿ ಹಳ್ಳಿಯಲ್ಲಿ 138, ನಗರದಲ್ಲಿ 82. 2019ರಲ್ಲಿ 34 ಮತ್ತು 20. ಅಂತರ 56ರಿಂದ 14ಕ್ಕೆ ಇಳಿದದ್ದು ದೊಡ್ಡ ಸಾಧನೆಯೇ. ಆದರೆ ಭಾಗಿಸಿ ನೋಡಿ: ಆಗಲೂ ಹಳ್ಳಿಯದ್ದು ನಗರದ ಸುಮಾರು 1.7 ಪಟ್ಟು, ಈಗಲೂ ಅಷ್ಟೇ. ಅರ್ಧ ಶತಮಾನದಲ್ಲಿ ಇಬ್ಬರೂ ಮೆಟ್ಟಿಲು ಇಳಿದಿದ್ದಾರೆ, ಆದರೆ ಎಷ್ಟು ಪಟ್ಟು ಎಂಬ ಅನುಪಾತ ಹಾಗೆಯೇ ಇದೆ. ನನ್ನ ಮಟ್ಟಿಗೆ ನಿಮ್ಮ ಪ್ರಬಂಧದ ತಿರುಳು ಇದೇ ಆಗಬೇಕು.

ನಿವೃತ್ತ ಆರೋಗ್ಯ ಸಹಾಯಕ, ಸಾಗರ:

ಧಾರವಾಡದವರ ಆ 1.7 ಪಟ್ಟಿನ ಲೆಕ್ಕ ನನ್ನನ್ನು ಬೆಳಗಿನಿಂದ ಕಾಡುತ್ತಿದೆ. ಹಳ್ಳಿಗೆ ಲಸಿಕೆ ಕೊಂಡೊಯ್ಯುವುದು ನಮ್ಮಿಂದ ಸಾಧ್ಯವಾಯಿತು. ತೂಕ ಕಡಿಮೆಯಿರುವ ಹಸುಗೂಸನ್ನು ಹುಟ್ಟಿದ ಮೊದಲ ವಾರ ಉಳಿಸಿಕೊಳ್ಳಲು ಬೇಕಾದ ವೈದ್ಯರು, ಬೆಚ್ಚಗಿಡುವ ಯಂತ್ರ, ಆಮ್ಲಜನಕ ಮಾತ್ರ ಪೇಟೆಯಲ್ಲಿಯೇ ಉಳಿದವು. ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಪೇಟೆಯವರಿಗೆ ಇಲ್ಲದೆ ನಮಗಷ್ಟೇ ಇರುವ ಸಾವೂ ಉಂಟು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳು ತತ್ತರಿಸಿದವೆಂದು ಇಲ್ಲಿನವರಿಗೆ ಗೊತ್ತು. ದರಕು (ಒಣಗಿದ ಎಲೆ), ಸೊಪ್ಪು ತರಲು ಕಾಡಿಗೆ ಹೋದವರಿಗೆ ಉಣುಗು (ಉಣ್ಣೆ) ಕಚ್ಚಿ ಬರುವ ರೋಗ. ದೇಶದ ಒಟ್ಟು ಲೆಕ್ಕದಲ್ಲಿ ಈ ಸಾವುಗಳು ಕಣ್ಣಿಗೇ ಬೀಳುವುದಿಲ್ಲ, ಪ್ರಬಂಧದಲ್ಲಿ ಒಂದು ಪುಟವನ್ನಾದರೂ ಇದಕ್ಕೆ ಇಡು.

ಕೆಲಸದ ವಿಷಯ. ಮರಣ ವರದಿಯ ನಮೂನೆಯಲ್ಲಿ ಸತ್ತ ಸ್ಥಳದ ಜೊತೆಗೆ ವಾಸದ ಊರನ್ನೂ ಬರೆದಿರುತ್ತಾರೆ. ಕರೂರಿನ ಅಮ್ಮನವರ ಮಾವನವರ ಊರು ಅಲ್ಲಿ ಸಿಗುತ್ತದೆ. ವಿಭಾಗದಿಂದ ಪತ್ರ ತೆಗೆದುಕೊಂಡು ಹೋಗಿ, ಹೆಸರುಗಳಿಲ್ಲದೆ, ವಾಸದ ತಾಲ್ಲೂಕು ಮತ್ತು ವಯಸ್ಸಿನ ಪ್ರಕಾರ ಒಟ್ಟು ಸಂಖ್ಯೆ ಕೊಡಿ ಎಂದು ಕೇಳು. ಹಾಗೆ ಬಿಡಿಸಿದರೆ ಶಿವಮೊಗ್ಗ ನಗರದ ದಪ್ಪ ಪುಸ್ತಕದಲ್ಲಿ ಎಷ್ಟು ಹಾಳೆ ನಮ್ಮ ಹಳ್ಳಿಗಳದ್ದೆಂದು ತಿಳಿಯುತ್ತದೆ. ದೀಪಾವಳಿ ಮುಗಿದ ಕೂಡಲೇ ಹೋಗು. ಡಿಸೆಂಬರಿನಿಂದ ಮಂಗನ ಕಾಯಿಲೆಯ ಕಾಲ, ಆಮೇಲೆ ಆರೋಗ್ಯ ಇಲಾಖೆಯವರಿಗೆ ನಿನ್ನೊಡನೆ ಕೂರಲು ಪುರುಸೊತ್ತಿರುವುದಿಲ್ಲ.