ಸಹಾಯ ಬೇಕು: ಹಳೇ ಪದ್ಮಿನಿ ಬಾಗಿಲಿಗೆ ಬಣ್ಣ ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮಾವನವರ 1978ರ ಪ್ರೀಮಿಯರ್ ಪದ್ಮಿನಿ ಕಾರು, ಕೆನೆ ಬಣ್ಣ. ನಮ್ಮ ಕಡೆ ಮಳೆ ಗೊತ್ತಲ್ವಾ, ಎಡಗಡೆ ಮುಂದಿನ ಬಾಗಿಲು ಕೆಳಗೆ ತುಕ್ಕು ತಿಂದು ತೂತಾಗಿತ್ತು. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಪುಟ್ಟಿ, ಪ್ರೈಮರ್ ಎಲ್ಲ ಮುಗಿದಿದೆ. ಬಣ್ಣ ಒಂದು ಬಾಕಿ.

ಶಿವಮೊಗ್ಗದ ಪೇಂಟರ್ ಒಬ್ಬರು "ಸುಮ್ನೆ ಫುಲ್ ಹೊಡೆಸಿಬಿಡಿ ಸಾರ್" ಅಂತಾರೆ. ನನಗೆ ಮನಸ್ಸಿಲ್ಲ. ಹಳೇ ಪೇಂಟಿನ ಕಳೆಯೇ ಬೇರೆ.

ತೊಂದರೆ ಏನಂದ್ರೆ, ಬಾನೆಟ್ ಬಿಸಿಲಿಗೆ ಮಾಸಿ ಬಿಳಚಿಕೊಂಡಿದೆ, ಬಾಗಿಲ ಒಳಮಡಿಕೆಯಲ್ಲಿ ಮಾತ್ರ ಇನ್ನೂ ಗಟ್ಟಿ ಕೆನೆ. ಹಾಗಾಗಿ ಬಾಗಿಲ ಹೊರಮೈಯನ್ನೇ ಒಂದು ಕಡೆ ರಬ್ಬಿಂಗ್ ಕಾಂಪೌಂಡ್ (ಮಾಸಿದ ಪದರ ತೆಗೆಯೋ ಪಾಲಿಶ್ ಪೇಸ್ಟ್) ಹಾಕಿ ಉಜ್ಜಿ, ಆ ಬಣ್ಣಕ್ಕೆ ಹೊಂದಿಸಿ ಕಲೆಸೋಣ ಅಂತಿದ್ದೇನೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿದರೆ ಹಳೇ ಬಣ್ಣ ಕರಗಿ ಬಟ್ಟೆಗೆ ಬರುತ್ತೆ. ಅಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರ್ ಆರಿ ಗಟ್ಟಿಯಾಗೋ ಹಳೇ ಥರದ) ಪೇಂಟೇ ಇರಬೇಕು, ಅಲ್ವಾ? ಅದರ ಮೇಲೆ ಟೂ-ಕೆ (ಹಾರ್ಡನರ್ ಬೆರೆಸಿ ಹೊಡೆಯೋ ಪೇಂಟ್) ಹೊಡೆದರೆ ಅಂಚಲ್ಲಿ ಸುಕ್ಕು ಬರುತ್ತಾ?

ಬಣ್ಣವನ್ನು ಬಾಗಿಲ ಮಧ್ಯದಲ್ಲೇ ತೆಳು ಮಾಡುತ್ತಾ ನಿಲ್ಲಿಸಲಾ, ಇಲ್ಲ ಪಕ್ಕದ ಫೆಂಡರ್‌ಗೂ ಸ್ವಲ್ಪ ಹಬ್ಬಿಸಲಾ? ಎರಡು ಸಾವಿರ ನಂಬರ್ ವಾಟರ್ ಪೇಪರ್ ಹೊಡೆದ ಮೇಲೂ ಹೊಸ ಬಣ್ಣ ಹಳೇದಕ್ಕೆ ಸೇರೋ ಕಡೆ ಗೆರೆ ಕಾಣುತ್ತೆ ಅಂತ ಕೆಲವರು ಹೆದರಿಸಿದ್ದಾರೆ.

ಇನ್ನೊಂದು, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎನ್‌ಸಿ ಮೇಲೆ ಬೆಳ್ಳಗೆ ಮಂಜು ಕೂರುತ್ತೆ. ರಿಟಾರ್ಡರ್ ಥಿನ್ನರ್ (ನಿಧಾನಕ್ಕೆ ಆರೋ ಥಿನ್ನರ್) ಹಾಕಿದರೆ ಸಾಕಾ, ದೀಪಾವಳಿ ಕಳೆಯೋವರೆಗೆ ಕಾಯಲಾ?

ಶಿವಮೊಗ್ಗ, ಸಾಗರದ ಕಡೆ ತಾಳ್ಮೆಯಿಂದ ಇಂಥ ಪ್ಯಾಚ್ ಕೆಲಸ ಮಾಡೋ ಪೇಂಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವರು ಮಾಡಿದ ಕಾರಿನ ಫೋಟೋ, ಬಿಸಿಲಲ್ಲಿ ತೆಗೆದದ್ದು, ಇದ್ದರೆ ಇನ್ನೂ ಒಳ್ಳೇದು.